ಯಾವ ಊರಿನ ಹಾವು

ನಮ್ಮ ಮೇಡಮ್ಮರ ಒಂದು ತೋರುಬೆರಳಿಗೆ ಉಗುರಿರಲಿಲ್ಲ. ಎಡಗೈಯದೋ ಬಲಗೈಯದೋ, ಈಗ ಖಚಿತವಾಗಿ ಹೇಳಲಾರೆ. ಉಗುರು ಇರಬೇಕಾದ ಜಾಗದಲ್ಲಿ, ಬೇಯಿಸಿ ಸುಲಿದ ಶೇಂಗಾಕಾಳಿನಂಥ ನುಣುಪು ತುದಿ ಇತ್ತು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ತಪ್ಪಿದ ಗೆರೆಯನ್ನು ಅದೇ ತುದಿಯಿಂದ ಒರಸುತ್ತಿದ್ದರು. ಆ ಬೆರಳಿನ ಬಗ್ಗೆ ಕಾಲೇಜಿನಲ್ಲಿ ಹಲವು ಕಥೆಗಳಿದ್ದವು. ಹಾವು ಕಚ್ಚಿದಾಗ ತಾವೇ ಬ್ಲೇಡಿನಿಂದ ಕೊಯ್ದುಕೊಂಡರು ಎಂಬುದು ಎಲ್ಲರಿಗೂ ಇಷ್ಟವಾದ ಕಥೆ. ಒಮ್ಮೆ ನಾನು ನೇರವಾಗಿ ಕೇಳಿದೆ, ಅವರು "ಬಾಗಲ್ದಾಗ ಸಿಕ್ಕಿತ್ತೋ. ಎಲ್ಲದಕ್ಕೂ ಹಾವೇ ಬೇಕೇನು ನಿನಗ?" ಎಂದು ನಕ್ಕರು ಎಂದು ನನ್ನ ನೆನಪು. ಆದರೆ ಆ ವಯಸ್ಸಿನಲ್ಲಿ ಅವರನ್ನು ಹಾಗೆ ಕೇಳುವ ಧೈರ್ಯ ನನಗಿತ್ತೇ ಎಂದು ಯೋಚಿಸಿದರೆ, ಇರಲಿಲ್ಲ. ಬೇರೆ ಯಾರೋ ಕೇಳಿದ್ದನ್ನು ನಾನು ನನ್ನದಾಗಿ ಮಾಡಿಕೊಂಡಿರಬಹುದು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಓದಿದ್ದು ಪ್ರಾಣಿಶಾಸ್ತ್ರ, ಆಮೇಲೆ ಸಂಖ್ಯಾಶಾಸ್ತ್ರ. ಬೇರೆಯವರು ಕಲೆಹಾಕಿದ ಮಾಹಿತಿಯಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಪುಣೆಯಲ್ಲಿ ಕೆಲವು ವರ್ಷ, ಹೈದರಾಬಾದಿನಲ್ಲಿ ಕೆಲವು ವರ್ಷ, ಈಗ ಮತ್ತೆ ಪುಣೆ. ಒಂದೇ ಕುರ್ಚಿಯಲ್ಲಿ ಬಹಳ ದಿನ ಕೂತವನಲ್ಲ. ಮನುಷ್ಯರ ನೆನಪನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ಹೀಗಿರುವಾಗ ಮೇಡಮ್ ತೀರಿಕೊಂಡ ಮೇಲೆ ಅವರ ಬಗ್ಗೆ ಬರೆಯಲು ಕೂತರೆ, ಯಾವ ಸಂಗತಿಯನ್ನು ನನ್ನ ವಿದ್ಯಾರ್ಥಿಗಳಿಗೆ ಹತ್ತಾರು ಸಲ ಹೇಳಿದ್ದೇನೋ ಅದೇ ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಅಷ್ಟು ಸಲ ಹೇಳಿದ್ದು ತಿಕ್ಕಿ ತಿಕ್ಕಿ ಬೇರೆಯೇ ಆಗಿರುತ್ತದೆ.

ಅವರು ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾದವರು. ತಂದೆಗೆ ಅಲ್ಲಿಯ ಪೇಟೆಯಲ್ಲಿ ಕಾಳಿನ ಅಂಗಡಿ. ಕಾಕಾ ಒಬ್ಬರು ಕುಸ್ತಿಯ ತಾಲೀಮು ನಡೆಸುತ್ತಿದ್ದರು. ಮೇಡಮ್ ಮದುವೆಯಾಗಲಿಲ್ಲ. ಉದಗೀರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಅಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದರು. ರವಿವಾರ ಬಂತೆಂದರೆ ನಿಲಂಗಾದ ಮೇಲಿಂದ ಉಮರ್ಗಾಕ್ಕೆ ಎಸ್‌ಟಿ ಬಸ್ಸು ಹಿಡಿಯುತ್ತಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದ ಕೈ ಮಧ್ಯಾಹ್ನ ಇಲಿಯ ಹೊಟ್ಟೆ ಸೀಳುತ್ತಿತ್ತು. ಬಳಗದ ಹೆಂಗಸರು ಇದಕ್ಕೆ ಮೂಗು ಮುರಿಯುತ್ತಿದ್ದರು. "ಸೀಳಿದ ಮ್ಯಾಲ ಕೈ ತೊಳಕೊಂತೀನಿ. ನೀವು ಮಂದೀನ ಸೀಳಿ ತೊಳಕೊಳ್ಳಂಗಿಲ್ಲ" ಎಂದು ಮೇಡಮ್ ಒಬ್ಬ ಸೋದರತ್ತೆಗೆ ಹೇಳಿದ್ದರಂತೆ. ಇದು ಕೇಳಿದ ಮಾತು. ಆದರೆ ದನಿ ಅವರದೇ.

ತರಗತಿಯಲ್ಲಿ ಮರಾಠಿ. ನಮ್ಮಂಥ ಕನ್ನಡ ಮನೆಮಾತಿನವರ ಜೊತೆ ಹೊರಗೆ ನಿಂತಾಗ ಕನ್ನಡ. ಯಾವ ಭಾಷೆಯಲ್ಲಾದರೂ ಅವರ ಒಂದು ಪ್ರಶ್ನೆ ಮಾತ್ರ ಬದಲಾಗುತ್ತಿರಲಿಲ್ಲ: "ಯಾವ ಊರಿಂದು?" ಪೇಟೆಯಲ್ಲಿ ತೊಗರಿಬೇಳೆ ಕೊಳ್ಳುವಾಗ ಕೇಳುತ್ತಿದ್ದರು, ಪುಸ್ತಕದ ಚಿತ್ರ ತೋರಿಸಿದರೂ ಕೇಳುತ್ತಿದ್ದರು. ಹಾವಿನ ವಿಷ ಇಂಥಿಂಥ ಕೆಲಸ ಮಾಡುತ್ತದೆ ಎಂದು ನಾನೊಮ್ಮೆ ಪಾಠ ಒಪ್ಪಿಸಿದಾಗ, ಸೀಮೆಸುಣ್ಣವನ್ನು ಮೇಜಿಗೆ ಕುಟ್ಟುತ್ತ ಕೇಳಿದರು, "ಯಾವ ಊರಿನ ಹಾವು?"

"ಪುಸ್ತಕದಾಗ ಬರೇ ಹಾವು ಅಂತ ಅದರಿ."

"ಪುಸ್ತಕಕ್ಕ ಊರಿಲ್ಲ. ಹಾವಿಗೆ ಅದ."

ಆಮೇಲೆ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಪಾಠವನ್ನು ನಾನು ಮುಂದೆ ಎಷ್ಟೋ ದೊಡ್ಡ ಪುಸ್ತಕಗಳಲ್ಲಿ ಓದಿದೆ, ಅಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಹಾವು ಇಲಿಯನ್ನು ತಿನ್ನುತ್ತದೆ. ಇಲಿಗಳ ಪೈಕಿ ಯಾವುದರ ರಕ್ತ ವಿಷವನ್ನು ಸ್ವಲ್ಪ ತಡೆಯುತ್ತದೋ ಅದು ಉಳಿದು ಮರಿ ಹಾಕುತ್ತದೆ. ಹಾವುಗಳ ಪೈಕಿ ಯಾವುದರ ವಿಷ ಆ ತಡೆಯನ್ನೂ ಮುರಿಯುತ್ತದೋ ಅದರ ಹೊಟ್ಟೆ ತುಂಬುತ್ತದೆ. ಹೀಗೆ ಒಂದನ್ನೊಂದು ತಿದ್ದುತ್ತ ತಲೆಮಾರುಗಟ್ಟಲೆ ಹೋಗುವುದಕ್ಕೆ ಸಹವಿಕಾಸ ಎನ್ನುತ್ತಾರೆ. ಆದರೆ ಈ ಜಿದ್ದು ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ. ಒಂದು ಕಡೆ ಜೋರು, ಇನ್ನೊಂದು ಕಡೆ ಮಂದ, ಮತ್ತೊಂದು ಕಡೆ ಎದುರಾಳಿಯೇ ಬೇರೆ.

"ನಮ್ಮ ಕಾಕಾನ ತಾಲೀಮಿನಾಗ ಹುಡುಗರು ದಿನಾ ತಮ್ಮ ತಮ್ಮಲ್ಲೇ ಕುಸ್ತಿ ಆಡ್ತಿದ್ರು," ಎಂದರು. "ಒಬ್ಬ ಒಂದು ಡಾವ ಹಾಕಿದ್ರ ಇನ್ನೊಬ್ಬ ಅದನ್ನ ಬಿಡಿಸ್ಕೊಳ್ಳೋದು ಕಲೀತಿದ್ದ. ಉದಗೀರದ ತಾಲೀಮಿನಾಗೂ ಹಂಗೇ. ಆದ್ರ ಡಾವ ಬ್ಯಾರೆ. ಉಮರ್ಗಾದ ಪೈಲ್ವಾನ ಇಲ್ಲಿ ಬಂದು ಮೊದಲನೇ ಹಿಡಿತಕ್ಕೇ ಚಿತ್ ಆಗ್ತಿದ್ದ. ತಾಕತ್ತು ಕಮ್ಮಿ ಅಂತಲ್ಲ. ಇಲ್ಲಿನ ಹಿಡಿತಾನ ಅವನ ಮೈ ನೋಡಿದ್ದಿಲ್ಲ."

ಒಮ್ಮೆ ನಾಲ್ಕು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಉಮರ್ಗಾದ ಹತ್ತಿರದ ಯೆಣೆಗೂರಿಗೆ ಹೋಗಿದ್ದರು. ಹೆದ್ದಾರಿಯ ಧಾಬಾಗಳ ಹಿಂದಿನ ಕಲ್ಲುನೆಲದಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೋಲಿನಿಂದ ಕಲ್ಲು ಎಬ್ಬಿಸುತ್ತ ನಡೆದರು. ಲಾರಿಯವರು ಚಹಾ ಹಿಡಿದು ನಿಂತು ನೋಡುತ್ತಿದ್ದರು. ಒಂದು ಕಲ್ಲಿನಡಿ ಫುರ್ಸಾ ಇತ್ತು. ಫುರ್ಸಾ ಎಂದರೆ ಮೈಯ ಹುರುಪೆ ಉಜ್ಜಿ ಗರಗಸದಂತೆ ಸದ್ದು ಮಾಡುವ, ಗೇಣು, ಮೀರಿದರೆ ಮೊಳದಷ್ಟಿರುವ ಸಣ್ಣ ವಿಷದ ಹಾವು. ನಾವೆಲ್ಲ ಹಿಂದೆ ಸರಿದೆವು. ಮೇಡಮ್ ಕಲ್ಲನ್ನು ಕೋಲಿನಿಂದ ಹಾಗೇ ಎತ್ತಿ ಹಿಡಿದುಕೊಂಡು ಪಾಠ ಶುರು ಮಾಡಿದರು.

"ಇಲ್ಲಿ ಇದಕ್ಕ ಚೇಳು, ಜರಿಹುಳ ಬಾಳ ಸಿಗ್ತಾವ. ನಿಮ್ಮ ನಿಲಂಗಾದ ಕರಿ ನೆಲದಾಗ ಇಲಿ. ತಿನ್ನೋದು ಬ್ಯಾರೆ ಇದ್ದ ಮ್ಯಾಲ ವಿಷ ಒಂದೇ ಇರ್ತದ ಅಂತ ಹೆಂಗ ಹೇಳ್ತಿ?"

"ಬ್ಯಾರೆ ಇರ್ತದ ಅಂತ ನೀವು ಹೆಂಗ ಹೇಳ್ತೀರಿ?" ಎಂದೆ. ಹಾವು ಹತ್ತಿರವಿದ್ದದ್ದಕ್ಕೋ ಏನೋ, ದನಿ ಸ್ವಲ್ಪ ಏರಿತ್ತು.

ಅವರು ಕಲ್ಲನ್ನು ನಿಧಾನವಾಗಿ ಇಳಿಸಿದರು. "ಹೇಳ್ಲಾಕ ಬರಂಗಿಲ್ಲ. ನಾ ಅಳದು ನೋಡಿಲ್ಲ. ಅನುಮಾನ ಅದ."

"ಪರೀಕ್ಷೆದಾಗ ಅನುಮಾನಕ್ಕ ಮಾರ್ಕ್ಸ್ ಕೊಡ್ತೀರೇನ್ರಿ?"

ಉಳಿದವರು ನಕ್ಕರು. ಮೇಡಮ್ ನಗಲಿಲ್ಲ. "ಅನುಮಾನ ಪಡೋದು ಸಸ್ತಾ ಅದ ತಮ್ಮಾ," ಎಂದರು. "ಪಟ್ಟು ಮುಂದ ಏನ್ ಮಾಡ್ತಿ, ಅದು ಹೇಳು." ಆ ದಿನ ಬಸ್ಸಿನಲ್ಲಿ ಅವರು ನನ್ನ ಜೊತೆ ಮಾತಾಡಲಿಲ್ಲ. ಉದಗೀರದಲ್ಲಿ ಇಳಿಯುವಾಗ ಮಾತ್ರ ಅರ್ಧ ತಿಂದ ಶೇಂಗಾದ ಪುಡಿಕೆಯನ್ನು ನನ್ನ ಕೈಗೆ ಕೊಟ್ಟು ಹೋದರು.

ಈಗ, ನನ್ನ ವಿದ್ಯಾರ್ಥಿಗಳಿಗೆ ಹತ್ತಾರು ಸಲ ಹೇಳಿದ ಆ ರವಿವಾರದ ಮಾತು.

ನಮ್ಮ ಹೊಲ ನಿಲಂಗಾದಿಂದ ಶಿರೂರ ಅನಂತಪಾಳಕ್ಕೆ ಹೋಗುವ ಕಡೆ. ನಾನು ಆಗ ವಿಶ್ವವಿದ್ಯಾಲಯದಲ್ಲಿದ್ದೆ. ಸೋಯಾಬೀನ್ ಸುಗ್ಗಿಗೆ ಮನೆಗೆ ಬಂದಿದ್ದೆ. ಕೊಯ್ದ ಗಿಡಗಳನ್ನು ಹೊಲದಲ್ಲೇ ಗುಡ್ಡೆ ಹಾಕಿ ತಾಡಪತ್ರಿ ಹೊದಿಸಿದ್ದೆವು. ಬೆಳಿಗ್ಗೆ ವೈನಿ, ಅಂದರೆ ನಮ್ಮ ಅಣ್ಣನ ಹೆಂಡತಿ, ತಾಡಪತ್ರಿ ಸರಿಸಿ ಒಂದು ತೆಕ್ಕೆ ಗಿಡ ಎತ್ತಿದಳು. ಮುಳ್ಳು ಚುಚ್ಚಿತು ಎಂದುಕೊಂಡು ಕೈ ಜಾಡಿಸಿದಳು. ಆಮೇಲೆ ಗುಡ್ಡೆಯೊಳಗಿಂದ ಬುಸುಗುಟ್ಟುವ ಸದ್ದು ಬಂತು.

ಅಣ್ಣ ಕೋಲಿನಿಂದ ಹೊಡೆದ. ಹಾವಿನ ತಲೆ ಜಜ್ಜಿಹೋಯಿತು. ನಾನು ಅದರ ಬಾಲದ ಕಡೆಯ ತುಂಡನ್ನಷ್ಟೇ ನೋಡಿದೆ. ವೈನಿಯ ಅಂಗೈಯಂಚಿನಲ್ಲಿ ಎರಡು ಚುಕ್ಕೆ, ಅವುಗಳಿಂದ ನಿಲ್ಲದೆ ಜಿನುಗುವ ರಕ್ತ, ನನ್ನ ಕಣ್ಣು ಅಲ್ಲಿತ್ತು. ಘೋಣಸ್ ಎಂದ ಅಣ್ಣ. ಅಂದರೆ ಕೊಳಕುಮಂಡಲ. ಆಳು ಒಬ್ಬ, ಇಷ್ಟು ಸಣ್ಣದು ಘೋಣಸ್ ಎಲ್ಲಿದು, ಫುರ್ಸಾ ಎಂದ. ವೈನಿಯನ್ನು ಮೋಟರ್‌ಸೈಕಲ್ಲಿನ ಮೇಲೆ ನಮ್ಮಿಬ್ಬರ ನಡುವೆ ಕೂಡಿಸಿಕೊಂಡು ಹೊರಡುವಷ್ಟರಲ್ಲಿ ಹಿಂದೆ ಹೊಗೆ ಎದ್ದಿತ್ತು. ಕೊಂದ ಹಾವನ್ನು ಹಾಗೇ ಬಿಡಬಾರದು, ಕುಳ್ಳಿನ ಮೇಲಿಟ್ಟು ತುಪ್ಪ ಹಾಕಿ ಸುಡಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಆಳುಗಳು ಭಕ್ತಿಯಿಂದ ಅದನ್ನು ಮಾಡಿ ಮುಗಿಸಿದರು.

ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅಲ್ಲಿಯ ಡಾಕ್ಟರು ಆಗ ನನಗಿಂತ ಸ್ವಲ್ಪವೇ ದೊಡ್ಡವರು, ತಮಗೆ ಕಲಿಸಿದ್ದನ್ನು ಕಲಿಸಿದ ಹಾಗೆ ಮಾಡಿದರು. ಯಾವ ಹಾವು ಎಂದು ಕೇಳಿದರು.

"ಸುಟ್ಟೀವ್ರಿ ಸಾಹೇಬ್ರ," ಎಂದ ಅಣ್ಣ.

"ನಡೆಯುತ್ತದೆ ಬಿಡಿ," ಎಂದರು ಡಾಕ್ಟರು ಮರಾಠಿಯಲ್ಲಿ. ಈ ದೇಶದಲ್ಲಿ ಹೆಚ್ಚಾಗಿ ಕೊಲ್ಲುವ ನಾಲ್ಕೂ ಬಗೆಯ ಹಾವಿಗೆ ಒಂದೇ ಇಂಜೆಕ್ಷನ್ ಎಂದು ವಿವರಿಸಿದರು. ಅದು ನಿಜ. ಅವರಲ್ಲಿದ್ದ ಅಷ್ಟೂ ಬಾಟಲಿ ವೈನಿಯ ನರಕ್ಕೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಬಾವು ಏರುವುದು ನಿಧಾನವಾಯಿತು. ಗಂಡಾಂತರ ಕಳೆಯಿತು, ನಾಳೆಯವರೆಗೆ ಇಲ್ಲೇ ಇರಲಿ ಎಂದರು. ಅಣ್ಣ ವಾರ್ಡಿನ ಎಲ್ಲರಿಗೂ ಚಹಾ ತರಿಸಿದ.

ಯಾಕೋ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಮೇಡಮ್ಮರಿಗೆ ಫೋನು ಹಚ್ಚಿ, ಏನಾಯಿತು, ಯಾವ ಆಸ್ಪತ್ರೆ ಎಂದು ಹೇಳಿದೆ. ಅವರು ಬಸ್ಸಿನಲ್ಲಿದ್ದರು, ಹಿಂದೆ ಕಂಡಕ್ಟರನ ಕೂಗು ಕೇಳುತ್ತಿತ್ತು.

"ಯಾವ ಹಾವು?"

"ಸುಟ್ಟಾರ್ರಿ."

ಆಮೇಲೆ ಕೇಳಿದರು, "ಇಂಜೆಕ್ಷನ್ ಆದ ಮ್ಯಾಲ ರಕ್ತ ಹೆಪ್ಪುಗಟ್ಟತದೋ ಇಲ್ಲೋ ಮತ್ತೊಮ್ಮೆ ನೋಡ್ಯಾರೇನು?"

"ಗೊತ್ತಿಲ್ರಿ."

ಫೋನು ಕಟ್ಟಾಯಿತು.

ಉಮರ್ಗಾಕ್ಕೆ ಹೊರಟಿದ್ದ ಅವರು ನಡುದಾರಿಯಲ್ಲೇ ಬಸ್ಸು ಬಿಟ್ಟು, ರಿಕ್ಷಾದಿಂದ ಇಳಿದು ಬಂದಾಗ ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಹೆಗಲಿಗೆ ಆ ದೊಡ್ಡ ಚೀಲ. ಯಾರನ್ನೂ ಮಾತಾಡಿಸದೆ ಸೀದಾ ವೈನಿಯ ಹತ್ತಿರ ಹೋಗಿ, "ಬಾಯಿ ತೆಗಿ ತಂಗಿ," ಎಂದರು. ಒಸಡಿನಲ್ಲಿ ರಕ್ತದ ಗೆರೆ ಇತ್ತು. ನಾವು ಅದನ್ನು ನೋಡಿರಲಿಲ್ಲ. ವೈನಿ ಸೆರಗಿನಿಂದ ಒರಸಿಕೊಳ್ಳುತ್ತ ಎಲೆ ಅಡಿಕೆ ಮೆದ್ದವಳಂತೆ ಮಲಗಿದ್ದಳು.

"ಹಾವು ಸುಟ್ಟೀರಂತಲ್ಲ?" ಎಂದು ಮೇಡಮ್ ಅಣ್ಣನ ಕಡೆ ತಿರುಗಿದರು. "ಸಾಕ್ಷೀನೇ ಸುಟ್ಟು ಬಂದು ಸಾಹೇಬ್ರಿಗೆ ನ್ಯಾಯ ಕೇಳ್ತೀರಿ."

"ಅದು ಪದ್ಧತಿ ಅದರಿ ಬಾಯಿ," ಎಂದ ಅಣ್ಣ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಮರಾಠಿಯ ಹಾಗೆ ಬಾಯಿ ಎಂದೇ ಕರೆಯುತ್ತಾರೆ.

ಮಲಗಿದಲ್ಲಿಂದಲೇ ವೈನಿ ಹೇಳಿದಳು, "ಇವರ ಪದ್ಧತಿ ನೋಡ್ರಿ ಬಾಯಿ. ಮನಿ ಮಂದೀನ ಮಣ್ಣಾಗ ಇಡ್ತಾರ, ಹಾವಿಗೆ ಮಾತ್ರ ತುಪ್ಪ ಹಾಕಿ ಸುಡ್ತಾರ. ನನಗಿಂತ ಅದಕ್ಕೇ ಮರ್ಯಾದಿ ಜಾಸ್ತಿ ಆತು." ನಗಲು ಹೋಗಿ ಕೆಮ್ಮಿದಳು. ಸೆರಗಿನ ಮೇಲೆ ಇನ್ನೊಂದು ಕೆಂಪು ಕಲೆ.

ಡಾಕ್ಟರು ಬಂದರು. ಮೇಡಮ್ ಖಾಲಿ ಬಾಟಲಿಯೊಂದನ್ನು ಎತ್ತಿ ಹಿಡಿದು ಕೇಳಿದರು, "ಇದು ಯಾವ ಊರಿಂದು?"

ಡಾಕ್ಟರು ಕಂಪನಿಯ ಊರು ಓದಿ ಹೇಳಿದರು.

"ಅದಲ್ಲ. ಇದನ್ನ ಮಾಡ್ಲಾಕ ಬಳಸಿದ ವಿಷ ಯಾವ ಊರ ಹಾವಿಂದು?"

"ಅದನ್ನು ತಿಳಿದು ಏನಾಗಬೇಕು ಮ್ಯಾಡಮ್?"

"ಬಹುಪಾಲು ತಮಿಳುನಾಡಿನ ಕಡೆ ಹಿಡಿದ ಹಾವಿಂದು. ಅಲ್ಲಿ ಹಾವು ಅಲ್ಲಿ ಇಲಿ ಜೋಡಿ ಬೆಳೆದದ. ಇಲ್ಲಿದು ಇಲ್ಲಿದರ ಜೋಡಿ. ಔಷಧ ಕೆಲಸ ಮಾಡಂಗಿಲ್ಲ ಅಂತ ನಾ ಅನ್ನಂಗಿಲ್ಲ, ಇದು ಬಿಟ್ರ ಬ್ಯಾರೆ ಔಷಧಾನೇ ಇಲ್ಲ. ಎಷ್ಟು ಮಾಡ್ಯಾದ ಅನ್ನೋದು ಇಲ್ಲಿ ನೋಡ್ರಿ ಅಂತೀನಿ. ಇನ್ನೂ ಬೇಕಾಗಬಹುದು."

"ಇನ್ನೂ ಬೇಕಾದರೆ ನಮ್ಮಲ್ಲಿಲ್ಲ. ಲಾತೂರಿಗೆ ಹೋಗಬೇಕು. ಈ ಸ್ಥಿತಿಯಲ್ಲಿ ದಾರಿಯ ಕುಲುಕಾಟಕ್ಕೆ ಹಾಕುವುದಾ? ನೀವು ಪ್ರಾಣಿಗಳ ಬಗ್ಗೆ ಕಲಿಸುವವರು. ಇವರು ಪೇಷಂಟು."

"ಹಂಗಾದ್ರ ಪೇಷಂಟಿನ ರಕ್ತಾನೇ ಕೇಳ್ರಿ."

ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತದೆ; ಔಷಧ ಸಾಕಷ್ಟು ಕೆಲಸ ಮಾಡಿದರೆ ಮತ್ತೆ ಹೆಪ್ಪುಗಟ್ಟುತ್ತದೆ. ನೋಡುವ ದಾರಿ ಸರಳ: ಸ್ವಚ್ಛವಾದ ಒಣ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ಹಾಕಿ, ಇಪ್ಪತ್ತು ನಿಮಿಷ ಮುಟ್ಟದೆ ಇಟ್ಟು, ಆಮೇಲೆ ವಾಲಿಸುವುದು. ಡಾಕ್ಟರಿಗೂ ಇದು ಗೊತ್ತಿತ್ತು. ಆದರೆ ಅಲ್ಲಿ ಇದ್ದದ್ದೆಲ್ಲ ಪ್ಲಾಸ್ಟಿಕ್; ಗಾಜು ಮುಗಿದು ಎಷ್ಟೋ ದಿನವಾಗಿತ್ತು. ಮೇಡಮ್ ಚೀಲದಿಂದ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ನಳಿಗೆಗಳನ್ನು ತೆಗೆದರು. ಹುಳ ಹಿಡಿಯಲು ಸದಾ ಒಯ್ಯುತ್ತಿದ್ದಂಥವು.

ಡಾಕ್ಟರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನು ಸಾಬೂನಿನಲ್ಲಿ ತೊಳೆದಿದ್ದೀರಾ?"

"ತೊಳದಿರಬಹುದು."

"ಸಾಬೂನಿನ ಅಂಶ ಉಳಿದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ನಾನು ಅದನ್ನು ನಂಬಿ ಇವರನ್ನು ಲಾತೂರಿಗೆ ಅಟ್ಟಲಾ? ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ?"

ಅವರ ಅನುಮಾನ ಸರಿಯಾದದ್ದೇ. ಆ ಪ್ರಶ್ನೆ ನಾನೂ ಕೇಳುವಂಥದ್ದೇ ಆಗಿತ್ತು. ಇಟ್ಟುಕೊಂಡರೆ ವೈನಿ ಇಲ್ಲೇ ಹೋಗಬಹುದು, ಕಳಿಸಿದರೆ ದಾರಿಯಲ್ಲಿ.

ಇಲ್ಲಿಂದ ಮುಂದಿನದು ನನ್ನ ನೆನಪು. ಮೇಡಮ್ ಕುರ್ಚಿಯ ಮೇಲೆ ಕೂತು, ಕುಪ್ಪಸದ ತೋಳು ಮೇಲೇರಿಸಿ, ನರ್ಸಿನ ಕಡೆ ಕೈ ಚಾಚಿದರು. "ಎರಡೂ ಕೂಡೇ ತೊಳದ ಟ್ಯೂಬು. ಒಂದರಾಗ ಆಕಿಂದು ಹಾಕು, ಇನ್ನೊಂದರಾಗ ನಂದು. ಸಾಬೂನು ಇದ್ರ ನಂದೂ ನೀರಾಗೇ ಉಳೀತದ."

ಡಾಕ್ಟರು ನರ್ಸಿಗೆ ತಲೆಯಾಡಿಸಿ, ಬೇರೆ ಪೇಷಂಟಿನ ಕಡೆ ಹೋದರು.

ಎರಡು ನಳಿಗೆಗಳನ್ನು ಒಂದು ಸ್ಟೀಲಿನ ಲೋಟದಲ್ಲಿ ನಿಲ್ಲಿಸಿ, ಗೋಡೆಯ ಗೂಡಿನಲ್ಲಿಟ್ಟು, ಮೇಡಮ್ ಅದರ ಮುಂದೆ ನಿಂತರು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಕೈ ಅಡ್ಡ ಹಿಡಿಯುತ್ತಿದ್ದರು. ಪಕ್ಕದ ಮಂಚದ ಮುದುಕರೊಬ್ಬರು ತಲೆ ಎತ್ತಿ ಕೇಳಿದರು, "ಕಾಯ್ ಬಾಯಿ, ರಕ್ತದ್ದು ಪೂಜಿ ಹಚ್ಚೀರೇನು?"

"ಹೌದ್ರಿ ಅಜ್ಜಾ. ಗದ್ಲ ಮಾಡಬ್ಯಾಡ್ರಿ, ದೇವರು ಏಳ್ತಾನ."

ವೈನಿ ಕಣ್ಣು ಮುಚ್ಚಿದ್ದಳು. ಒಮ್ಮೆ ನನ್ನನ್ನು ಹತ್ತಿರ ಕರೆದು, "ಭಾವುಜಿ, ಗುಡ್ಡಿಗೆ ತಾಡಪತ್ರಿ ಮತ್ತ ಹೊದಿಸ್ಯಾರೋ ಇಲ್ಲೋ? ಮಳಿ ಬಂದ್ರ ಹೋತು ನೋಡ್ರಿ," ಎಂದಳು. ಹೊದಿಸಿದ್ದಾರೆ ಎಂದೆ. ಹೊದಿಸಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆಕೆಯ ಅಂಗೈಯ ಪಟ್ಟಿ ಮತ್ತೆ ಒದ್ದೆಯಾಗುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ, ಮೇಡಮ್ಮರೂ ನೋಡುತ್ತಿದ್ದರು, ನಮ್ಮ ಕಣ್ಣು ಕೂಡಿದಾಗ ಅವರು ಮುಖ ತಿರುಗಿಸಿದರು. ಅವರಿಗೆ ಹೆದರಿಕೆಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊತ್ತಾದಾಗ ಡಾಕ್ಟರು ತಾವಾಗಿಯೇ ಬಂದರು. ಮೇಡಮ್ ಮೊದಲು ತಮ್ಮ ನಳಿಗೆ ಎತ್ತಿ ವಾಲಿಸಿದರು. ರಕ್ತ ಕದಲಲಿಲ್ಲ, ಗಟ್ಟಿ ಮೊಸರಿನಂತೆ ತಳಕ್ಕೆ ಕೂತಿತ್ತು. ಆಮೇಲೆ ವೈನಿಯದನ್ನು ವಾಲಿಸಿದರು. ಅದು ಕುಂಕುಮ ಕದಡಿದ ನೀರಿನಂತೆ ಗಾಜಿನ ಉದ್ದಕ್ಕೂ ಹರಿದು ಅವರ ಬೆರಳಿನ ಮೇಲೆ ಬಂತು.

ಡಾಕ್ಟರು ಜೇ‌ಬಿನಿಂದ ಫೋನು ತೆಗೆದರು. ಲಾತೂರಿನ ದೊಡ್ಡ ಆಸ್ಪತ್ರೆಗೆ ತಾವೇ ಮಾತಾಡಿ, ಎಷ್ಟು ಔಷಧ ಕೊಟ್ಟಾಗಿದೆ ಎಂದು ತಿಳಿಸಿ, ಅಣ್ಣ ಬಾಡಿಗೆಗೆ ಗೊತ್ತುಮಾಡಿದ್ದ ಜೀಪಿನಲ್ಲಿ ನರ್ಸನ್ನು ನಮ್ಮ ಜೊತೆ ಕಳಿಸಿದರು. "ಗಾಡಿ ಸಾವಕಾಶ ಓಡಿಸಲು ಹೇಳಿ," ಎಂದು ಅಣ್ಣನಿಗೆ ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಮೇಡಮ್ ಜೀಪಿನ ಬಾಗಿಲು ಹಾಕಿ, ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಲಾತೂರಿನಲ್ಲಿ ವೈನಿಗೆ ಇನ್ನೂ ಔಷಧ ಕೊಟ್ಟರು. ಮೂತ್ರಪಿಂಡ ಸೋತು, ಕೆಲವು ದಿನ ಯಂತ್ರದಿಂದ ರಕ್ತ ತೊಳೆಯಬೇಕಾಯಿತು. ಬದುಕಿ ಬಂದಳು. ಈಗಲೂ ಸುಗ್ಗಿಯಲ್ಲಿ ಕೋಲಿನಿಂದ ಗುಡ್ಡೆ ಬಡಿದೇ ಕೈ ಹಾಕುತ್ತಾಳೆ, ಮತ್ತು ಬಡಿಯದೆ ಕೈ ಹಾಕಿದವರಿಗೆ ಅದೇ ಕೋಲು ತೋರಿಸುತ್ತಾಳೆ.

ಮುಂದೆ ಒಮ್ಮೆ ಮೇಡಮ್ಮರ ಮನೆಯಲ್ಲಿ ನಾನು ಮಾತೆತ್ತಿದೆ. ನಿಮ್ಮ ಅನುಮಾನ ಖರೆ ಆಯಿತಲ್ಲ, ನಮ್ಮ ಹಾವು ಬೇರೆ ಎಂದು ಸಾಬೀತಾಯಿತಲ್ಲ ಎಂದೆ. ಅವರು ಸಿಟ್ಟಾದರು.

"ಒಂದು ಪೇಷಂಟಿನ ಮ್ಯಾಲ ಏನು ಸಾಬೀತಾತೋ? ಹಾವು ಬಾಳ ವಿಷ ಬಿಟ್ಟಿರಬಹುದು. ಎಲ್ಲಾ ಊರಾಗೂ ಎರಡನೇ ಸಲ ಔಷಧ ಬೇಕಾಗೋ ಪೇಷಂಟು ಇರ್ತಾರ. ಯಾವ ಹಾವು ಅನ್ನೋದೇ ಬೂದಿ ಆಗ್ಯಾದ. ಇಷ್ಟು ಓದಿ ನನಗೇ ಇದನ್ನ ಹೇಳ್ಲಾಕ ಬಂದೀಯಾ?"

ಅವರು ಹೇಳಿದ್ದು ಸರಿ. ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಒಂದು ಕಡೆಯ ವಿಷದಿಂದ ತಯಾರಾದ ಔಷಧ ಇನ್ನೊಂದು ಕಡೆ ಅಷ್ಟೇ ಬಲವಾಗಿ ಕೆಲಸ ಮಾಡದೇ ಇರಬಹುದು ಎಂಬುದನ್ನು ಈಗ ಬಹಳ ಜನ ಒಪ್ಪುತ್ತಾರೆ. ಆದರೆ ನಮ್ಮ ಸೋಯಾ ಗುಡ್ಡೆಯೊಳಗಿನ ಹಾವಿಗೂ ಯೆಣೆಗೂರಿನ ಕಲ್ಲಿನಡಿಯ ಹಾವಿಗೂ ಏನು ವ್ಯತ್ಯಾಸ ಎಂಬುದನ್ನು ಯಾರೂ ಅಳೆದಿಲ್ಲ. ಅದು ಅವರ ಅನುಮಾನವಾಗಿಯೇ ಉಳಿದಿದೆ.

ನನ್ನನ್ನು ಕಾಡಿದ್ದು ಬೇರೆ. ಮೇಡಮ್ ತೀರಿಕೊಂಡದ್ದು ಕಳೆದ ಮಳೆಗಾಲದಲ್ಲಿ, ಉದಗೀರದ ಮನೆಯಲ್ಲಿ, ಎದೆನೋವಿನಿಂದ. ಉಮರ್ಗಾದ ಅವರ ಹೊಲದಲ್ಲಿ, ನಮ್ಮವರ ಪದ್ಧತಿಯಂತೆ ಕೂಡಿಸಿ, ಸುತ್ತಲೂ ವಿಭೂತಿ ಇಟ್ಟು ಸಮಾಧಿ ಮಾಡಿದರು. ಅಣ್ಣ, ವೈನಿ, ನಾನು ಮೂವರೂ ಹೋಗಿದ್ದೆವು. ವೈನಿ ಮಣ್ಣು ಹಾಕಿ ಬಂದು, "ಬಾಯಿ ಜಲ್ದಿ ಮಾಡಿದ್ರು," ಎಂದಷ್ಟೇ ಹೇಳಿ ಕೂತಳು. ತಿರುಗಿ ಬರುವ ದಾರಿಯಲ್ಲಿ ನಾನು ಎರಡು ನಳಿಗೆಯ ಮಾತು ತೆಗೆದೆ. ಅಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ.

"ಎರಡೆಲ್ಲಿದೋ? ಒಂದೇ ಇತ್ತು."

"ಮೇಡಮ್ ತಮ್ಮ ರಕ್ತ ಕೊಟ್ರಲ್ಲ?"

"ಬಾಯಿ ಯಾಕ ರಕ್ತ ಕೊಡ್ತಾರ? ಹಟ ಹಿಡದ್ರು, ಡಾಕ್ಟರು ಬಗ್ಗಿದ್ರು. ಅಷ್ಟೇ. ರಕ್ತ ಕೊಟ್ಟಿದ್ದು ನಿನ್ನ ಸಿನೆಮಾ."

ವೈನಿಯನ್ನು ಕೇಳಿದರೆ, ತನಗೆ ಛಾವಣಿಯ ಫ್ಯಾನು ಬಿಟ್ಟರೆ ಏನೂ ನೆನಪಿಲ್ಲ ಎಂದಳು.

ಅಂದಿನಿಂದ ನಿದ್ದೆ ಕೆಟ್ಟಿತು. ಅಣ್ಣ ಹೇಳಿದಂತೆ ನಳಿಗೆ ಒಂದೇ ಇದ್ದಿದ್ದರೆ, ಸಾಬೂನಿನ ಪ್ರಶ್ನೆಗೆ ಉತ್ತರವೇ ಸಿಕ್ಕಿರಲಿಲ್ಲ. ಮೇಡಮ್ ಬರೀ ಹಟದಿಂದ ವೈನಿಯ ಜೀವವನ್ನು ಪಣಕ್ಕಿಟ್ಟಿದ್ದರು, ಅದೃಷ್ಟ ಒಲಿದಿತ್ತು. ಎರಡನೆಯದನ್ನು ನಾನೇ ಹುಟ್ಟಿಸಿರುವುದು ಅಸಾಧ್ಯವಲ್ಲ. ಅನುಮಾನ ಬಂದಾಗ ಹೋಲಿಸಿ ನೋಡಲು ಇನ್ನೊಂದನ್ನು ಪಕ್ಕದಲ್ಲಿಡು ಎಂದು ನಾನು ದಿನವೂ ಕಲಿಸುತ್ತೇನೆ. ಕಲಿಸುವ ಪಾಠಕ್ಕೆ ಹೊಂದುವಂತೆ ನೆನಪು ತನ್ನನ್ನು ತಾನೇ ತಿದ್ದಿಕೊಂಡಿರಬಹುದು. ಇಲ್ಲವೇ, ಆ ಪಾಠವನ್ನು ನಾನು ಕಲಿತದ್ದೇ ಆ ಮಧ್ಯಾಹ್ನ, ಅವರ ಚಾಚಿದ ಕೈಯಿಂದ. ನನ್ನ ಇಡೀ ವೃತ್ತಿ ಅವರಿಗೆ ಋಣಿಯೋ ಅಲ್ಲವೋ ಎಂಬುದು ಇದರ ಮೇಲೆ ನಿಂತಿತ್ತು.

ಅಲ್ಲಿದ್ದವರ ಪೈಕಿ ಕೇಳಲು ಉಳಿದವರು ಇಬ್ಬರು. ಡಾಕ್ಟರು, ಅಂಥವರು ಎಷ್ಟೋ ಮಂದಿ ಬರುತ್ತಾರೆ, ನನಗೆ ನೆನಪಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ನರ್ಸು ಈಗ ಉಮರ್ಗಾದಲ್ಲಿ ಕೆಲಸ ಮಾಡುತ್ತಾರೆ ಎಂದು ಅವರಿಂದಲೇ ತಿಳಿಯಿತು. ಹುಡುಕಿಕೊಂಡು ಹೋದೆ. ಉತ್ತರವನ್ನು ಅವರ ಬಾಯಿಗೆ ನಾನೇ ಹಾಕಬಾರದೆಂದು ಪ್ರಶ್ನೆಯನ್ನು ದಾರಿಯುದ್ದಕ್ಕೂ ಕಟ್ಟಿ ಬಿಚ್ಚಿ ಕಟ್ಟಿದ್ದೆ. ನಳಿಗೆಯ ಮಾತು ಎತ್ತಲಿಲ್ಲ, ಎಣಿಕೆಯ ಮಾತು ಎತ್ತಲಿಲ್ಲ. ಸೋಯಾ ಸುಗ್ಗಿಯಲ್ಲಿ ಹಾವು ಕಚ್ಚಿಸಿಕೊಂಡ ಹೆಣ್ಣುಮಗಳನ್ನು ಲಾತೂರಿಗೆ ಕರೆದೊಯ್ದ ದಿನ ನೆನಪಿದೆಯೇ, ಆ ಮಧ್ಯಾಹ್ನ ವಾರ್ಡಿನಲ್ಲಿ ಏನೇನು ಮಾಡಿದಿರಿ, ಹೇಳಿ ಎಂದಷ್ಟೇ ಕೇಳಿದೆ.

ಅವರು ಸಿರಿಂಜಿನ ಡಬ್ಬಿ ಮುಚ್ಚಿಟ್ಟರು.

"ಜೀಪಿನಾಗ ನಾನೇ ಬಂದಿದ್ನಲ್ರಿ. ನಿಮ್ಮ ಅಣ್ಣ ಹೊರಗ ಗೇಟಿನ ಹತ್ರ ಜೀಪಿನವನ ಜೋಡಿ ಜಗಳ ಆಡ್ಲಾಕತ್ತಿದ್ರು, ಒಳಗ ಅವರು ಇರಲಿಲ್ಲ. ಪೇಷಂಟಿನ ರಕ್ತ ತಗದೆ. ಆಮ್ಯಾಲ ಆ ಕಾಲೇಜಿನ ಮ್ಯಾಡಮ್ಮರದು ತಗದೆ. ಅವರ ಎಡಗೈಯಾಗ ನರ ಸಿಗಲಿಲ್ಲ, ಬಲಗೈಯಾಗ ಸಿಕ್ತು."